ಏಡಿ ತಿಂದವರು

ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಒಂಟಿ ಕಿಟಕಿಯ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ನಾಯಿ, ಬೆಕ್ಕುಗಳ ರಕ್ತ, ಮಲ ಪರೀಕ್ಷೆ ಮಾಡುತ್ತಿದ್ದವಳನ್ನು ಎಲ್ಲರೂ ಲ್ಯಾಬಕ್ಕ ಎನ್ನುತ್ತಿದ್ದರು. ಊಟದ ಡಬ್ಬಿ ಬಿಚ್ಚಿಕೊಂಡೇ ಹುಳುಗಳ ಮಾತೆತ್ತುತ್ತಾಳೆಂದು ನರ್ಸುಗಳು ಅವಳ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ.

ಅವಳ ತಮ್ಮ ಹೊಳೆಯಂಚಿನ ಪಂಪ್‌ಹೌಸಿನಲ್ಲಿ ಆಪರೇಟರ್. ಒಂದು ಬೆಳಿಗ್ಗೆ ಅವನು ತನ್ನ ನಾಯಿ ಸಿಪಾಯಿಯನ್ನು ಎತ್ತಿಕೊಂಡು ಬಂದ. ನಾಯಿ ಒಂದು ತಿಂಗಳಿಂದ ಕೆಮ್ಮುತ್ತಿತ್ತು. ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ಅಲ್ಲಲ್ಲಿ ಗೋಲಿಯಷ್ಟು ದುಂಡನೆಯ ಕಲೆಗಳು ಕಂಡವು. ಗಡ್ಡೆಯೂ ಇರಬಹುದು, ಮಲ ಪರೀಕ್ಷೆಯೂ ಆಗಲಿ ಎಂದರು ಡಾಕ್ಟರು. ತಮ್ಮನ ಮುಖ ಕಪ್ಪಿಟ್ಟಿತು.

ಲ್ಯಾಬಕ್ಕ ಮಾದರಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಳಕ್ಕೆ ಕೂತದ್ದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದಳು. ಹೊಂಬಣ್ಣದ ಮೊಟ್ಟೆ, ಒಂದು ತುದಿಗೆ ಪುಟ್ಟ ಮುಚ್ಚಳ. ಚಪ್ಪಟೆ ಹುಳುವಿನದು. ಈ ಹುಳುಗಳಲ್ಲಿ ಹಲವು ಜಾತಿಗಳಿದ್ದವು, ಅವು ಬಿಡಾರ ಹೂಡುವ ಅಂಗದ ಮೇಲೆಯೇ ಅವಳು ಅವನ್ನು ನೆನಪಿಟ್ಟುಕೊಂಡಿದ್ದಳು: ಹಲ್ಲಿ ತಿಂದ ಬೆಕ್ಕಿನ ಪಿತ್ತನಾಳದಲ್ಲಿ ಒಂದು, ಹಸಿಮೀನು ತಿಂದ ನಾಯಿಯ ಕರುಳಿನಲ್ಲಿ ಇನ್ನೊಂದು, ರಕ್ತನಾಳದೊಳಗೇ ಬದುಕುವುದು ಮತ್ತೊಂದು. ಇದರ ಮನೆ ಶ್ವಾಸಕೋಶ. ಅಲ್ಲಿಟ್ಟ ಮೊಟ್ಟೆ ಕೆಮ್ಮಿನ ಜೊತೆ ಗಂಟಲಿಗೆ ಬಂದು, ನುಂಗಿದಾಗ ಹೊಟ್ಟೆಗಿಳಿದು ಹೊರಬೀಳುತ್ತದೆ.

ಅವಳಿಗೆ ಖುಷಿಯೇ ಆಯಿತು. ಗಡ್ಡೆಯಲ್ಲ, ಹುಳು, ಮಾತ್ರೆಗೆ ಸಾಯುತ್ತದೆ. ನಾಯಿ ಏಡಿ ತಿನ್ನುತ್ತದೆಯೇ ಎಂದು ಡಾಕ್ಟರು ಕೇಳಿದರು. ತಮ್ಮ ಹೋದ ಜೀವ ಬಂದವನಂತೆ ನಕ್ಕ.

"ತಿನ್ನದೆ ಏನು ಡಾಕ್ಟ್ರೇ. ಹೊಳೇಲಿ ಹಿಡಿದು ಕೆಂಡದ ಮೇಲೆ ಸುಮ್ನೆ ಹೀಗೆ ಬಾಡಿಸ್ತೀನಿ. ನನಗೊಂದು, ಅವನಿಗೊಂದು."

ನಗು ಕೆಮ್ಮಾಯಿತು. ಗೋಡೆಯ ಕಡೆ ತಿರುಗಿ ಕರವಸ್ತ್ರವನ್ನು ಬಾಯಿಗೊತ್ತಿಕೊಂಡ. ಜೇಬಿಗೆ ತುರುಕುವಷ್ಟರಲ್ಲಿ ಅದರ ಬಣ್ಣ ಅಕ್ಕನಿಗೆ ಕಂಡಿತ್ತು. ತುಕ್ಕಿನ ಬಣ್ಣ.

ಕಫ ಉಗುಳೆಂದು ಅವಳು ಅವನ ಮುಂದೆ ಮಾದರಿಯ ಡಬ್ಬಿ ಹಿಡಿದಳು. ಅವನು ಮೊದಲು ಏನಿಲ್ಲವೆಂದ. ಆಮೇಲೆ ನಾಲ್ಕು ತಿಂಗಳಿಂದ ಹೀಗೇ ಎಂದ. ಅವರ ಅಪ್ಪ ಕ್ಷಯದಿಂದ ತೀರಿಕೊಂಡವರು. ತನಗೂ ಅದೇ ಬಂದಿದೆಯೆಂದು ತೀರ್ಮಾನಿಸಿಕೊಂಡು, ಹೆಂಡತಿಗೂ ಹೇಳದೆ, ಕರವಸ್ತ್ರಗಳನ್ನು ಪಂಪ್‌ಹೌಸಿನಲ್ಲೇ ಒಗೆದು ಒಣಗಿಸಿಕೊಳ್ಳುತ್ತಿದ್ದ.

ಅದೇ ಸೂಕ್ಷ್ಮದರ್ಶಕದಲ್ಲಿ ತಮ್ಮನ ಕಫದ ಹನಿಗಳನ್ನು ಒಂದೊಂದಾಗಿ ನೋಡಿದಳು. ಮೂರನೆಯ ಹನಿಯಲ್ಲಿ ಸಿಕ್ಕಿತು. ಹೊಂಬಣ್ಣ, ಮುಚ್ಚಳ. ಸಾವಿರ ಸಲ ನೋಡಿದ್ದ ಮೊಟ್ಟೆಯನ್ನು ನೀವೂ ಒಮ್ಮೆ ನೋಡಿ ಎಂದು ಅವಳು ಮೊದಲ ಸಲ ಡಾಕ್ಟರನ್ನು ಕರೆದಳು.

ಡಾಕ್ಟರು ಸಮಾಧಾನ ಹೇಳಿದರು: ನಾಯಿಯಿಂದ ಬಂದದ್ದಲ್ಲ, ಇಬ್ಬರಿಗೂ ಸರಿಯಾಗಿ ಬೇಯದ ಏಡಿಯಿಂದಲೇ ಬಂದದ್ದು, ಮನುಷ್ಯರ ಆಸ್ಪತ್ರೆಗೆ ಈಗಲೇ ಹೊರಡಿ. ಚೀಟಿ ಬರೆಯುತ್ತ, ಮನೆಯಲ್ಲಿ ಬೇರೆ ಯಾರಾದರೂ ತಿಂದಿದ್ದಾರೆಯೇ ಎಂದು ಕೇಳಿದರು. ತಮ್ಮ ತಲೆ ತಗ್ಗಿಸಿದ.

"ಪಾಪುಗೆ ಕೊಟ್ಟಿದ್ದೀಯೇನೋ?" ಎಂದಳು ಅಕ್ಕ.

"ಒಂದೇ ಸಲ ಅಕ್ಕ. ಕಾಲು ಮಾತ್ರ. ಹಠ ಹಿಡಿದಿದ್ಲು."

ಪಾಪು ಎಂದರೆ ಅವನ ಏಳು ವರ್ಷದ ಮಗಳು. ಎರಡು ವಾರದಿಂದ ತಲೆನೋವೆಂದು ಶಾಲೆಯಿಂದ ಬೇಗ ಬರುತ್ತಿದ್ದಳು. ಶಾಲೆಗೆ ಚಕ್ಕರ್ ಹೊಡೆಯುವ ನೆಪವೆಂದು ಮನೆಮಂದಿ ನಕ್ಕಿದ್ದರು, ಅತ್ತೆಯಾದ ಲ್ಯಾಬಕ್ಕನೂ ನಕ್ಕಿದ್ದಳು. ಕರುಳಿನಿಂದ ಶ್ವಾಸಕೋಶಕ್ಕೆ ಹೊರಟ ಹುಳು ಕೆಲವೊಮ್ಮೆ ದಾರಿ ತಪ್ಪಿ ಮಿದುಳು ಸೇರುತ್ತದೆಂದು ಓದಿದ್ದು ಅವಳಿಗೆ ನೆನಪಾಯಿತು. ಪಾಪುವನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ತಮ್ಮ ಏನು ಕೇಳಿದರೂ ಹೂಂ ಎಂದಳು.

ಮಗುವನ್ನು ಸ್ಕ್ಯಾನ್ ಕೋಣೆಯೊಳಗೆ ಕರೆದೊಯ್ದಾಗ ನಾದಿನಿ ಅವಳ ಕೈ ಹಿಡಿದುಕೊಂಡು, "ನಿಮಗೆ ಗೊತ್ತಿರುತ್ತಲ್ಲ ಅತ್ತಿಗೆ, ನಿಜ ಹೇಳಿ" ಎಂದಳು. ಗೊತ್ತಿದ್ದದ್ದೇ ಅವಳ ಕಷ್ಟವಾಗಿತ್ತು. "ಫೋಟೋ ಬರಲಿ ಇರು" ಎಂದಷ್ಟೇ ಅಂದಳು. ತಮ್ಮ ಮಾತ್ರ ಬಾಗಿಲ ಬಳಿ ನಿಂತು, ಕೆಮ್ಮು ಬಂದಾಗಲೆಲ್ಲ ಮಗಳಿಗೆ ಕೇಳಿಸದಿರಲೆಂದು ಓಡಿ ಹೊರಗೆ ಹೋಗುತ್ತಿದ್ದ.

ಮಿದುಳಿನಲ್ಲಿ ಏನೂ ಇರಲಿಲ್ಲ. ಎದೆಯೂ ಚೊಕ್ಕಟವಾಗಿತ್ತು, ರಕ್ತದಲ್ಲೂ ಹುಳುವಿನ ಸುಳಿವಿರಲಿಲ್ಲ. ತಲೆನೋವಿಗೆ ಕಾರಣ ಕಣ್ಣೆಂದು ಮರುದಿನ ತಿಳಿಯಿತು. ಹುಡುಗಿಗೆ ಕರಿಹಲಗೆಯ ಅಕ್ಷರವೇ ಕಾಣುತ್ತಿರಲಿಲ್ಲ. ನಾದಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಅತ್ತು ಮುಗಿದ ಮೇಲೆ ಗಂಡನಿಗೆ ಚೆನ್ನಾಗಿ ಬೈದಳು.

ಅವನಿಗೆ ಮೂರು ದಿನದ ಮಾತ್ರೆ ಕೊಟ್ಟರು, ಸಿಪಾಯಿಗೆ ಬೇರೆ ಔಷಧಿ. ಎರಡು ತಿಂಗಳಲ್ಲಿ ಇಬ್ಬರ ಕೆಮ್ಮೂ ನಿಂತಿತು. ಕಫದಲ್ಲಿ ಮೊಟ್ಟೆಯಿಲ್ಲವೆಂದು ಆಸ್ಪತ್ರೆಯವರು ಬರೆದುಕೊಟ್ಟ ಮೇಲೂ ಲ್ಯಾಬಕ್ಕ ಅವನನ್ನು ಕೂರಿಸಿ, ಇನ್ನೂ ಹತ್ತು ಹನಿ ತಾನೇ ನೋಡಿದಳು. ಈಗಲೂ ಫೋನಿನಲ್ಲಿ ಅವನು ಗಂಟಲು ಸರಿಪಡಿಸಿಕೊಂಡರೆ ಸಾಕು, ಅವಳ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವನಿಗದು ಗೊತ್ತು. "ಏನಿಲ್ಲಕ್ಕ, ನೀರು ಕುಡೀತಿದ್ದೆ" ಎನ್ನುತ್ತಾನೆ.