ಎರಡು ತೂತು ಕೆಳಗೆ

ಮೂರು ನಟ್ಟು ಬಿಚ್ಚಿಕೊಂಡವು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಗಳು ತನ್ನ ಟ್ರಕ್ಕಿನ ಹಿಂಭಾಗದಲ್ಲಿ ಮಂಡಿಯೂರಿ, ಪಾನಾದ ತುದಿಗೆ ಕೊಳವೆ ಸಿಕ್ಕಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಅಪ್ಪನ ಕೆಟ್ಟು ನಿಂತ ಟ್ರಕ್ಕಿನಿಂದ ಕಳಚಿ ತಂದ, ಟ್ರೇಲರು ಎಳೆಯುವ ಕೊಂಡಿ ಅದು. ಇವಳ ಟ್ರಕ್ಕು ಅದಕ್ಕಿಂತ ಎತ್ತರ. ಕೊಂಡಿಯ ತಟ್ಟೆಯನ್ನು ಎರಡು ತೂತು ಕೆಳಗಿಳಿಸದಿದ್ದರೆ ಟ್ರೇಲರು ಮೂಗು ಮೇಲೆತ್ತಿ ನಿಲ್ಲುತ್ತದೆ. ಅಪ್ಪ ಅಮ್ಮನಿಗೆ ಮನೆಯೇ ಆಗಿದ್ದ ಆ ಟ್ರೇಲರಿನೊಳಗೆ ಪೆಟ್ಟಿಗೆಯಲ್ಲಿ ಅಪ್ಪ ಮಲಗಿದ್ದ.

"ಬಾಡಿಗೆ ಗಾಡಿ ತರಿಸ್ತೀನಿ ಅಂದ್ರೆ ಕೇಳಲ್ಲ ನೀನು," ಎಂದ ಅಣ್ಣ. "ಅಲ್ಲಿ ಗುಂಡಿ ತೋಡ್ಕೊಂಡು ಕಾಯ್ತಿದಾರೆ."

"ಬಾಡಿಗೆದು ಬೇಡ," ಎಂದಳು ಟ್ರೇಲರಿನ ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ. "ನಲವತ್ತು ವರ್ಷ ಈ ಮನೇಲೇ ಸುತ್ತಿದೀವಿ. ಕೊನೇ ಸಲಾನೂ ಇದರಲ್ಲೇ ಹೋಗ್ಬೇಕು ಅಂದಿದ್ರು."

"ಇವಳ ಗಾಡಿಗೆ ಕಟ್ಟಿ ಅಂದಿದ್ರಾ?"

ಅಮ್ಮ ಸೆರಗು ಸರಿಮಾಡಿಕೊಂಡಳು.

* * *

ಅಪ್ಪ ವೆಲ್ಡಿಂಗ್ ಕೆಲಸದವನು. ಸೇತುವೆ ಎಲ್ಲಿ ಕಟ್ಟುತ್ತಾರೋ ಅದೇ ಅವನ ಊರು. ಮಗಳಿಗೆ ಹತ್ತೊಂಬತ್ತಾಗಿದ್ದಾಗ ಒಂದು ಬೆಳಿಗ್ಗೆ ಕೊಂಡಿ ಕಟ್ಟುವ ಕೆಲಸ ಅವಳಿಗೆ ಬಿಟ್ಟ. ಟಣ್ಣೆಂದ ಸದ್ದು ಕೇಳಿ ಅವಳು ಸಾಕೆಂದುಕೊಂಡಳು, ಬಗ್ಗಿ ನೋಡಲಿಲ್ಲ. ಟ್ರೇಲರಿನ ಪಿನ್ನು ಕೊಂಡಿಯ ದವಡೆಯೊಳಗೆ ಇಳಿಯದೆ ಮೇಲೇ ಕೂತಿತ್ತು. ಟ್ರಕ್ಕು ಹೊರಟದ್ದೇ ತಡ, ಟ್ರೇಲರಿನ ಮೂಗು ಧಡಾರನೆ ಕೆಳಗೆ ಬಿತ್ತು. ಒಳಗೆ ಪಾತ್ರೆ ಜೋಡಿಸುತ್ತಿದ್ದ ಅಮ್ಮನ ಸೊಂಟ ಮುರಿಯಿತು.

ಅಮ್ಮ ಆರು ತಿಂಗಳಿಗೆ ಎದ್ದಳು, ಕುಂಟಿದಳು, ನಕ್ಕಳು. ಅಪ್ಪ ಮಾತ್ರ, "ನಾನು ಸತ್ರೂ ನೀನು ಈ ಕೊಂಡಿ ಮುಟ್ಟಕೂಡ್ದು," ಎಂದ. ಹಠದಲ್ಲಿ ಅಪ್ಪನಿಗೆ ತಕ್ಕ ಮಗಳು. ತಾನೇ ಟ್ರಕ್ಕು ಕೊಂಡು ಹದಿನಾರು ವರ್ಷ ಕಂಡವರ ಸರಕೆಲ್ಲ ಎಳೆದಳು, ಅಪ್ಪನ ಮನೆಯೊಂದನ್ನು ಬಿಟ್ಟು. ಇವತ್ತು ಅದನ್ನು ಸರಿಯಾಗಿ ಕಟ್ಟಿ ತೋರಿಸಬೇಕಿತ್ತು. ನೋಡಲು ಅವನಿಲ್ಲವಲ್ಲ ಎಂದು ಅವಳಿಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

* * *

ಟಕ್. ಟಕ್.

ಟ್ರೇಲರಿನ ಒಳಗಿಂದ ಯಾರೋ ಗೋಡೆ ಬಡಿದಂತಾಯಿತು.

"ಒಳಗ್ಯಾರಿದಾರೆ?" ಎಂದಳು ಮಗಳು.

"ನಿಮ್ಮಪ್ಪ," ಎಂದಳು ಅಮ್ಮ. ಅವಳ ದನಿಯಲ್ಲಿ ಏನೂ ಏರುಪೇರಿರಲಿಲ್ಲ.

ಅಣ್ಣ ನಗಲು ಹೋಗಿ ಬಾಯಿ ಮುಚ್ಚಿಕೊಂಡ. ಮಗಳು ಮತ್ತೆ ಪಾನಾ ಹಿಡಿದಳು. ಈ ಸಲ ನಟ್ಟು ಬೆಣ್ಣೆಯಲ್ಲಿ ಕೂತಿದ್ದ ಹಾಗೆ ತಿರುಗಿತು.

ತಟ್ಟೆಯನ್ನು ಎರಡು ತೂತು ಇಳಿಸಿ ಬಿಗಿದಳು, ಗ್ರೀಸು ಹಚ್ಚಿದಳು. ಅಮ್ಮ ಪಕ್ಕಕ್ಕೆ ಸರಿದ ಮೇಲೆ ಟ್ರಕ್ಕನ್ನು ಹಿಂದಕ್ಕೆ ತಂದಳು. ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. ದವಡೆ ಪಿನ್ನಿನ ಕತ್ತನ್ನು ಸುತ್ತ ಹಿಡಿದಿತ್ತು. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದಕ್ಕೆ ಜಗ್ಗಿದಳು. ಬಿಡಲಿಲ್ಲ.

"ಬಗ್ಗಿ ನೋಡ್ದ್ಯಾ?" ಎಂದಳು ಅಮ್ಮ.

"ಮೂರು ಸಲ ನೋಡ್ದೆ ಕಣಮ್ಮಾ."

* * *

ಮಣ್ಣು ಮಾಡಿ ಬಂದಾಗ ಸಂಜೆಯಾಗಿತ್ತು. ಮಗಳಿಗೆ ಬೆಳಗಾದರೆ ಸರಕು ತುಂಬುವುದಿತ್ತು, ಟ್ರೇಲರು ಬಿಟ್ಟು ರಾತ್ರಿಯೇ ಹೊರಡಬೇಕು. ಟ್ರೇಲರಿನ ಕಾಲು ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ದವಡೆ ಬಿಡಿಸುವ ಹಿಡಿಕೆ ಎಳೆದಳು. ಬರಲಿಲ್ಲ. ಒತ್ತಡ ಸಡಿಲವಾಗಲೆಂದು ಟ್ರಕ್ಕನ್ನು ಗೇಣುದ್ದ ಹಿಂದೆ ತಂದು ಮತ್ತೆ ಎಳೆದಳು. ಅಣ್ಣ ಹಿಡಿಕೆಗೆ ನೇತುಬಿದ್ದ.

"ತುಕ್ಕು ಹಿಡಿದಿರ್ಬೇಕು ಕಣೇ."

"ಬೆಳಿಗ್ಗೆ ಗ್ರೀಸ್ ಹಾಕಿದೀನಣ್ಣ."

ಅಮ್ಮ ಕುಂಟುತ್ತ ಬಂದು ಹಿಡಿಕೆಯ ಮೇಲೆ ಅಂಗೈ ಇಟ್ಟಳು. ತಟ್ಟನೆ ತೆಗೆದು ಮಗಳ ಕೈ ಹಿಡಿದು ಅಲ್ಲಿಟ್ಟಳು.

"ಇವತ್ತೊಂದಿನ ಇದ್ದು ಹೋಗೇ," ಎಂದಳು.

ಬಿಸಿಲು ಹೋಗಿ ತಗಡೆಲ್ಲ ತಣ್ಣಗಾಗಿತ್ತು. ಹಿಡಿಕೆ ಮಾತ್ರ ಬೆಚ್ಚಗಿತ್ತು. ಮಗಳು ಕೈ ತೆಗೆಯಲಿಲ್ಲ. ಟ್ರೇಲರಿನ ಕಡೆಯಿಂದ ಅದನ್ನು ಯಾರೋ ಮೆಲ್ಲಗೆ ತಮ್ಮತ್ತ ಎಳೆದುಕೊಳ್ಳುತ್ತಿದ್ದರು.