ವಾಲ್ಬುರ್ಗಾಳ ಬೇಟೆದೇವಿ

ಶವಪೆಟ್ಟಿಗೆಯೊಳಗಿಂದ ಕೊರ್ಬಿನಿಯನ್ ಎಳೆದ ಚಿತ್ರದ ಇನ್ನೊಂದು ತುದಿಯನ್ನು ಅಗಸಗಿತ್ತಿ ಕ್ರೆಸೆನ್ಸ್ ಹಿಡಿದುಕೊಂಡಳು.

"ಬಿಡು, ಹರಿದುಹೋಗುತ್ತೆ," ಎಂದಳು.

"ಹೋಗ್ಲಿ. ಬಾಗಿಲಲ್ಲಿ ಪಾದ್ರಿಗಳು ನಿಂತಿದ್ದಾರೆ. ನನ್ನ ತಂಗಿ ವಾಲ್ಬುರ್ಗಾ ಬತ್ತಲೆ ಹೆಂಗಸಿನ ಚಿತ್ರ ಅವುಚಿಕೊಂಡು ಮಣ್ಣಿಗೆ ಹೋಗ್ಬೇಕಾ?"

"ಅವಳೇ ಕೇಳಿದ್ದು. ಸಾಯೋ ಹಿಂದಿನ ದಿನ, ನನ್ನ ಕೈ ಹಿಡಿದು."

ಚಿತ್ರದಲ್ಲಿ ಗ್ರೀಕರ ಬೇಟೆದೇವಿ. ಹೊಳೆಯಲ್ಲಿ ಮೀಯುತ್ತಿದ್ದವಳು, ಕದ್ದು ನೋಡಿದ ಬೇಟೆಗಾರನ ಕಡೆಗೇ ತಿರುಗಿ ನಿಂತಿದ್ದಾಳೆ. ಅವಳ ಶಾಪಕ್ಕೆ ಅವನ ತಲೆಯಲ್ಲಿ ಆಗಲೇ ಸಾರಂಗದ ಕೊಂಬು ಮೊಳೆತಿದೆ.

*

ಹದಿನಾರು ವರ್ಷಗಳ ಹಿಂದಿನ ಮಾತು. 1914ರ ಮಹಾಯುದ್ಧಕ್ಕೆ ಇನ್ನೂ ಮೂರು ವರ್ಷವಿತ್ತು. ವಾಲ್ಬುರ್ಗಾ ಮ್ಯೂನಿಕ್‌ನ ಮುದ್ರಣಶಾಲೆಯೊಂದರಲ್ಲಿ ದೊಡ್ಡ ಕಲಾವಿದರು ಚಿತ್ರ ಕೊರೆದ ತಗಡುಗಳಿಗೆ ಶಾಯಿ ಬಳಿದು, ಒರೆಸಿ, ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದಳು. ಒಂದು ಭಾನುವಾರ ತನ್ನದೇ ತಾಮ್ರದ ತಗಡು ತಂದು, ಉಕ್ಕಿನ ಸೂಜಿಯಿಂದ ಗೀರತೊಡಗಿದಳು. ಎದುರಿಗೆ ನಿಲ್ಲಲು ಕರೆದದ್ದು ಕೆಳಮನೆಯ ಕ್ರೆಸೆನ್ಸಳನ್ನು.

ಪ್ರದರ್ಶನಕ್ಕೆ ಚಿತ್ರ ಆರಿಸುವ ಪ್ರೊಫೆಸರ್ ನೋಡಿ ನಕ್ಕರು. "ಗೆರೆ ಚೆನ್ನಾಗಿದೆ. ಆದ್ರೆ ದೇವಿಗೆ ಈ ಅಗಸಗಿತ್ತಿ ರಟ್ಟೆ ಯಾಕಮ್ಮ? ತೆಳ್ಳಗೆ ಮಾಡ್ಕೊಂಡು ಬಾ, ಗೋಡೆಗೆ ಹಾಕಿಸ್ತೀನಿ."

"ಅವಳು ಬಿಲ್ಲು ಎಳೆಯೋಳು, ಪ್ರೊಫೆಸರೇ. ಕಡ್ಡಿ ಕೈಲಿ ಆಗುತ್ತಾ?"

ಗೋಡೆ ಸಿಗಲಿಲ್ಲ. ಗೀರಿನ ಅಂಚಿಗೆದ್ದು ಶಾಯಿ ಹಿಡಿಯುವ ತಾಮ್ರದ ಸಿಪ್ಪೆ ಅಚ್ಚೊತ್ತಿ ಸವೆಯುವ ಮೊದಲು ಇಪ್ಪತ್ತು ಪ್ರತಿ ಬಂದವು. ಒಂದನ್ನಿಟ್ಟುಕೊಂಡು ಉಳಿದವನ್ನು ಬೀದಿಯ ಅಗಸಗಿತ್ತಿಯರಿಗೆ ಹಂಚಿದಳು. ಸಾಯುವವರೆಗೂ ಬೇರೆಯವರ ತಗಡು ಒರೆಸಿದಳು. ಆ ರಟ್ಟೆಯನ್ನು ಮಾತ್ರ ತಿದ್ದಲಿಲ್ಲ.

*

ಪಾದ್ರಿ ಒಳಗೆ ಬಂದರು. "ಅದನ್ನ ತೆಗೀರಿ. ಇಲ್ಲಾಂದ್ರೆ ನಾನು ಸ್ಮಶಾನಕ್ಕೆ ಬರೋದಿಲ್ಲ."

ಕ್ರೆಸೆನ್ಸ್ ಚಿತ್ರದ ತುದಿ ಬಿಡಲಿಲ್ಲ. ಒಂದು ಭಾನುವಾರವೂ ಪೂಜೆ ತಪ್ಪಿಸಿದವಳಲ್ಲ ಅವಳು.

"ಇದರಲ್ಲಿರೋ ಮೈ ನಂದು, ಸ್ವಾಮಿ. ನೀವು ತೊಟ್ಟಿರೋ ಬಿಳಿ ಅಂಗಿ ಒಗೆದಿದ್ದೂ ಇದೇ ಕೈ. ಅಂಗಿ ಬೇಕು, ಕೈ ಬೇಡ್ವಾ?"

ಪಾದ್ರಿಯ ಮುಖ ಕೆಂಪೇರಿತು. ಅವರು ತಿರುಗಿ ಮೆಟ್ಟಿಲಿಳಿದರು. ಹೊರಲು ಬಂದಿದ್ದ ನಾಲ್ವರು ಗಂಡಸರೂ ಅವರ ಹಿಂದೆ ನಡೆದರು.

"ಆಯ್ತಾ ಸಮಾಧಾನ?" ಕೊರ್ಬಿನಿಯನ್ ಚಿತ್ರದಿಂದ ಕೈ ಬಿಟ್ಟ. "ಈಗ ಯಾರು ಹೊರ್ತಾರೆ?"

ಕ್ರೆಸೆನ್ಸ್ ಚಿತ್ರವನ್ನು ಗೆಳತಿಯ ಎದೆಯ ಮೇಲಿಟ್ಟು ಮುಚ್ಚಳ ಎಳೆದಳು. ಆಮೇಲೆ ಕಿಟಕಿ ತೆರೆದು, ಬೀದಿಯಲ್ಲಿ ಕಾಯುತ್ತಿದ್ದ ಅಗಸಗಿತ್ತಿಯರನ್ನು ಕೂಗಿದಳು. "ಬನ್ರೇ ಮೇಲಕ್ಕೆ."

ಆರು ಹೆಂಗಸರು ಪೆಟ್ಟಿಗೆ ಹೊತ್ತು ಇಸಾರ್ ನದಿಯ ಸೇತುವೆಯ ನಡುವೆ ಬಂದಾಗ ಹಿಂದಿನಿಂದ ಟ್ರಾಮ್ ಗಂಟೆ ಬಾರಿಸಿತು. ಅವರು ಹಳಿ ಬಿಟ್ಟು ಸರಿಯಲಿಲ್ಲ. ಗಂಟೆ ಮತ್ತೊಮ್ಮೆ ಬಡಿದು, ಸುಮ್ಮನಾಯಿತು. ಟ್ರಾಮ್ ಅವರ ಹೆಜ್ಜೆಗೆ ಹೊಂದಿಕೊಂಡು ತೆವಳತೊಡಗಿತು. ಅದಕ್ಕೂ ಅವರಿಗೂ ನಡುವೆ ಕೊರ್ಬಿನಿಯನ್, ಟೋಪಿ ಕೈಯಲ್ಲಿ ಹಿಡಿದು, ಒಬ್ಬನೇ ನಡೆಯುತ್ತಿದ್ದ.