ಸುಧಾಮಣಿಯ ಸಾಕ್ಷಿ

ಬನಶಂಕರಿಯ ಮೆಡಿಕಲ್ ಶಾಪಿನಲ್ಲಿ ಸುಧಾಮಣಿ ಇನ್ಸುಲಿನ್ ಕೊಳ್ಳುವುದನ್ನು ಅವಳದೇ ಚರ್ಚಿನ ಎಸ್ತೇರ್ ಕಣ್ಣಾರೆ ಕಂಡಳು. “ನಿಮ್ದು ಹಳೇ ಡೋಸೇ ಅಲ್ವಾ ಮೇಡಂ?” ಎಂದು ಅಂಗಡಿಯವನು ಕೇಳಿದ್ದೂ ಕಿವಿಗೆ ಬಿತ್ತು. ಇದೇ ಸುಧಾಮಣಿ ಈಸ್ಟರ್ ಆರಾಧನೆಯಲ್ಲಿ ಎದ್ದು ನಿಂತು, ಕರ್ತನು ತನ್ನ ಸಕ್ಕರೆ ಕಾಯಿಲೆಯನ್ನು ಪೂರ್ತಿ ವಾಸಿ ಮಾಡಿದನೆಂದು ಸಾಕ್ಷಿ ಹೇಳಿದ್ದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತ್ತು.

ಎಸ್ತೇರ್‌ಗೆ ಕೋಪಕ್ಕಿಂತ ಮೊದಲು ಭಯವಾಯಿತು. ಆ ಸಾಕ್ಷಿ ಕೇಳಿ ಹಿರಿಯರಾದ ಶಾಂತವೀರಪ್ಪನವರು ತಾವೂ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿರುವುದಾಗಿ ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಗುರುವಾರ ಹೆಂಗಸರ ಮನೆ ಪ್ರಾರ್ಥನೆ. ಸುಧಾಮಣಿ ಬಂದಿರಲಿಲ್ಲ. ಹಾಡು ಮುಗಿದ ಮೇಲೆ ಪಾಸ್ಟರಮ್ಮ ಎಂದಿನಂತೆ, “ಯಾರ್ದಾದ್ರೂ ಪ್ರಾರ್ಥನೆ ವಿಷಯ ಇದ್ಯಾ?” ಎಂದರು.

“ಒಬ್ಬ ಸಹೋದರಿಗೋಸ್ಕರ...” ಎಂದು ಎಸ್ತೇರ್ ಶುರುಮಾಡಿದಳು. ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದುಕೊಂಡವು. ಪಕ್ಕದವಳು ಹತ್ತಿರ ಸರಿದು, “ಹೆಸರು ಬೇಡ ಸಿಸ್ಟರ್, ಯಾವ ಏರಿಯಾ ಅಂತ ಹೇಳಿ, ಸಾಕು” ಎಂದಳು.

ಆಮೆನ್ ಹೇಳಿ ಕಾಫಿ ಕುಡಿಯುವಷ್ಟರಲ್ಲಿ ಈ ಕೋಣೆಯಲ್ಲಿ ಎಷ್ಟು ಜನರ ಮಾನ ಹೋಗಿದೆಯೆಂದು ಎಸ್ತೇರ್‌ಗೆ ಗೊತ್ತಿತ್ತು. “ಬಿಡಿ, ಇದು ಇಲ್ಲಿ ಹೇಳೋದಲ್ಲ” ಎಂದವಳೇ ಎದ್ದು, ತ್ಯಾಗರಾಜನಗರದಲ್ಲಿದ್ದ ಸುಧಾಮಣಿಯ ಮನೆಗೆ ಹೋದಳು.

“ಅಕ್ಕ, ನಿಮ್ಮನ್ನ ಮೆಡಿಕಲ್ ಶಾಪಲ್ಲಿ ನೋಡ್ದೆ.”

ಸುಧಾಮಣಿಯ ಮುಖ ಬಿಳಿಚಿಕೊಂಡಿತು. “ಎಷ್ಟು ಜನಕ್ಕೆ ಹೇಳ್ದೆ?”

“ಯಾರಿಗೂ ಇಲ್ಲ.”

“ಪ್ರಾರ್ಥನೆಗೂ ಕೊಟ್ಟಿಲ್ವಾ?”

“ಕೊಡೋದ್ರಲ್ಲಿದ್ದೆ ಅಕ್ಕ.”

ಸುಧಾಮಣಿ ನಕ್ಕಳು, ನಗುತ್ತಲೇ ಅತ್ತಳು. ಒಂದು ಸಲ ರಿಪೋರ್ಟ್ ನಾರ್ಮಲ್ ಬಂದಿತ್ತು. ಸಂತೋಷ ತಡೆಯದೆ ಸಾಕ್ಷಿ ಹೇಳಿಬಿಟ್ಟಿದ್ದಳು. ಆಮೇಲೆ ಶುಗರ್ ಮತ್ತೆ ಏರಿತು. ಚಪ್ಪಾಳೆ ತಟ್ಟಿದವರಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. “ಸಂಡೇ ಸ್ಕೂಲಲ್ಲಿ ಪಾಠ ಮಾಡೋದ್ರಿಂದ ನನ್ನ ತೆಗೆದುಬಿಡ್ತಾರೆ ಕಣೇ.”

“ತೆಗೀಬಹುದು,” ಎಂದಳು ಎಸ್ತೇರ್. ಸುಳ್ಳು ಸಮಾಧಾನ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. “ಆದ್ರೆ ಶಾಂತವೀರಪ್ಪನವರು ನಿಮ್ಮ ಮಾತು ಕೇಳಿ ಮಾತ್ರೆ ಬಿಟ್ಟಿದ್ದಾರೆ. ನಾನು ಹೋಗಿ ಹೇಳಿದ್ರೆ ಚಾಡಿ ಆಗುತ್ತೆ. ನೀವೇ ಹೇಳಿ. ಜೊತೇಲಿ ನಾನು ಬರ್ತೀನಿ.”

“ಬಿಟ್ಟಿದ್ದಾರಾ?” ಸುಧಾಮಣಿ ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಶ್ರೀನಗರದ ಮನೆಯಲ್ಲಿ ಶಾಂತವೀರಪ್ಪನವರು ಕುರ್ಚಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಸುಧಾಮಣಿ ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಬಗ್ಗಿ ಪಾದ ನೀವಿಕೊಂಡರು.

“ಮಾತ್ರೆ ಬಿಟ್ಟಾಗಿಂದ ಕಾಲು ಉರೀತಿತ್ತು ಕಣಮ್ಮ,” ಎಂದರು. “ನನ್ನ ವಿಶ್ವಾಸಾನೇ ಸಾಲ್ದು ಅಂತ ದಿನಾ ಅಳ್ತಿದ್ದೆ.”

“ನಾಳೆ ಡಾಕ್ಟರ ಹತ್ರ ಹೋಗೋಣ ತಾತ,” ಎಂದಳು ಎಸ್ತೇರ್.

ಅವರು ತಲೆಯಾಡಿಸಿ ಸುಧಾಮಣಿಯತ್ತ ನೋಡಿದರು. “ಭಾನುವಾರ ಸಭೇಲೂ ಹೇಳ್ತೀಯಾ?”

“ಹೇಳ್ತೀನಿ.”

“ಹೇಳು. ನಾನೂ ಪಕ್ಕದಲ್ಲಿ ನಿಂತ್ಕೋತೀನಿ.”